ಕೊಂಬಿನ ಸ್ವಾಮಿಯ ಅರ್ಧ ಕಥೆ

ಹೋದ ವಾರ ಶಿಕಾಗೋ ಹತ್ತಿರದ ಎಲ್ಕ್ ಗ್ರೋವ್ ವಿಲೇಜಿನ ನಮ್ಮ ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬ. ಮಧ್ಯಾಹ್ನ ಎಲ್ಲರೂ ಮೀಟಿಂಗ್ ರೂಮಿನಲ್ಲಿ ಸೇರಿ ರಾಗವಿಲ್ಲದೆ ಹಾಡಿದೆವು. ಆ ಹುಡುಗಿ ಕೇಕಿನ ಮೇಲಿದ್ದ ಮೇಣದಬತ್ತಿಗಳನ್ನು ಉಫ್ ಎಂದು ಊದಿದಳು. ಆರಿದ ಬತ್ತಿಯ ಹೊಗೆ ನೇರವಾಗಿ ನನ್ನ ಮೂಗಿಗೆ ಬಂತು. ಕರಗಿದ ಮೇಣ, ಸುಟ್ಟ ದಾರ, ಅದರೊಳಗೆಲ್ಲೋ ಒಂದಿಷ್ಟು ಸಿಹಿ... ಕಾಗದದ ತಟ್ಟೆ ಹಿಡಿದು ನಿಂತಿದ್ದವಳಿಗೆ ಮಿಶಿಗನ್ನಿನ ಪಕ್ಕದ ಮನೆ ಆಂಟಿ ನೆನಪಾದರು. ತಟ್ಟೆಯನ್ನು ಹಾಗೇ ಮೇಜಿನ ಮೇಲಿಟ್ಟೆ.

ಬಾಯಿಂದ ಊದಿ ದೀಪ ಆರಿಸುವುದನ್ನು ಕಂಡರೆ ಆಂಟಿಗೆ ಆಗುತ್ತಿರಲಿಲ್ಲ. ಅವರ ಮಗ ಚಿಕ್ಕವನಿದ್ದಾಗ ಅವನ ಹುಟ್ಟುಹಬ್ಬಕ್ಕೆ ಬಂದ ಮಕ್ಕಳೆಲ್ಲ ಬತ್ತಿ ತಾನಾಗಿಯೇ ಉರಿದು ಮುಗಿಯುವವರೆಗೆ ಬಾಯಿ ಚಪ್ಪರಿಸುತ್ತಾ ಕಾಯಬೇಕಿತ್ತಂತೆ. "ಕೇಕಿನ ತುಂಬಾ ಮೇಣ. ಪಾಪ, ತಿಂದ್ರು. ಯಾರೂ ಸತ್ತಿಲ್ಲ" ಎಂದು ಹೇಳಿ ತಾವೇ ಮೊದಲು ನಗುತ್ತಿದ್ದರು.

ನಾನು ಮದುವೆಯಾಗಿ ಮಿಶಿಗನ್ನಿಗೆ ಬಂದಿಳಿದದ್ದು ಒಂದು ಜನವರಿಯಲ್ಲಿ. ಗಂಡನಿಗೆ ಡೆಟ್ರಾಯಿಟ್ ಪಕ್ಕದ ಡಿಯರ್‌ಬಾರ್ನ್‌ನ ಕಾರು ಕಂಪನಿಯಲ್ಲಿ ಕೆಲಸ. ನನ್ನದು ಕೆಲಸ ಮಾಡುವ ಹಕ್ಕಿಲ್ಲದ ವೀಸಾ. ಬೆಳಿಗ್ಗೆ ಅವರು ಹೊರಟರೆ ಸಂಜೆಯವರೆಗೆ ನಾನು ಗೋಡೆಗಳ ಜೊತೆ ಜಗಳವಾಡಿಕೊಂಡು ಇರಬೇಕಿತ್ತು. ನಾಲ್ಕನೆಯ ದಿನವೋ ಐದನೆಯ ದಿನವೋ ಯಾರೋ ಬಾಗಿಲು ಬಡಿದರು. ತೆರೆದರೆ ಗಂಡಸಿನ ದೊಡ್ಡ ಕೋಟು ತೊಟ್ಟ ಒಬ್ಬ ಕುಳ್ಳಗಿನ ಹೆಂಗಸು, ಕೈಯಲ್ಲಿ ಹುಳಿಯ ಪಾತ್ರೆ.

"ಊರಿಗೆ ಬಂದೋಳು ನೀರಿಗೆ ಬರ್ದೇ ಇರ್ತಾಳಾ ಅಂತ ಕಾದೆ. ನೀನು ಬರ್ಲಿಲ್ಲ. ನಾನೇ ಬಂದೆ. ಮುಚ್ಚಳ ಹುಷಾರು ಪುಟ್ಟಾ, ಬಿಸಿ ಇದೆ."

ಮೈಸೂರಿನವರು. ಬಂದು ಮೂವತ್ತು ವರ್ಷದ ಮೇಲಾಗಿತ್ತು. ಆ ಕೋಟು ತೀರಿಹೋದ ಅಂಕಲ್‌ದು. ಅಂಕಲ್ ಇರುವವರೆಗೆ ಕಾರು ಓಡಿಸಿದ್ದೆಲ್ಲ ಅವರೇ. ಆಂಟಿ ಹತ್ತಿರದ ಅಂಗಡಿಗೆ ಹೋಗಿ ಬರುವಷ್ಟು ಕಲಿತಿದ್ದರು, ಆದರೆ ಫ್ರೀವೇ ಎಂಬ ಹೆದ್ದಾರಿಯ ಕಡೆ ತಲೆಯನ್ನೂ ಹಾಕುತ್ತಿರಲಿಲ್ಲ. ನನಗೆ ಲೈಸೆನ್ಸ್ ಬಂದ ದಿನ ನನ್ನ ಗಂಡನಿಗಿಂತ ಹೆಚ್ಚು ಸಂತೋಷಪಟ್ಟವರು ಅವರೇ. ಮಾರನೆಯ ದಿನದಿಂದ ನಾನು ಅವರ ಡ್ರೈವರು. ಸಂಬಳ ಎಂದರೆ ಅವಲಕ್ಕಿ, ಚಕ್ಕುಲಿ, ಮತ್ತು ನನ್ನ ಸಂಸಾರದ ಬಗ್ಗೆ ಕೇಳದೇ ಸಿಗುತ್ತಿದ್ದ ಬುದ್ಧಿಮಾತು.

ಮನೆಯಲ್ಲಿದ್ದದ್ದು ಅವರು ಮತ್ತು ಒಬ್ಬನೇ ಮಗ. ನನಗಿಂತ ಎರಡು ಮೂರು ವರ್ಷ ದೊಡ್ಡವನು. ಇಲ್ಲೇ ಹುಟ್ಟಿದವನು. ಅಮ್ಮ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ. ಬೇಸ್‌ಮೆಂಟಿನಲ್ಲಿ ಕೂತು ಕಂಪ್ಯೂಟರ್ ಕೆಲಸ. ಮೆತ್ತಗಿನ ಮನುಷ್ಯ, ಎದುರಿಗೆ ಸಿಕ್ಕರೆ ನಕ್ಕು ಪಕ್ಕಕ್ಕೆ ಸರಿಯುವವನು. ಡೆಟ್ರಾಯಿಟ್ ಎಂದರೆ ಕಾರಿನ ಊರು, ಹಾಲು ತರಲೂ ಕಾರು ಬೇಕು. ಅಂಥದ್ದರಲ್ಲಿ ಇವನು ಡ್ರೈವ್ ಮಾಡುತ್ತಿರಲಿಲ್ಲ. ಕನ್ನಡ ಸಂಘದವರು ಯಾರಾದರೂ ಕೇಳಿದರೆ ಆಂಟಿ, "ಅವನಿಗೆ ಟ್ರಾಫಿಕ್ ಕಂಡ್ರೆ ಆಗಲ್ಲ" ಎನ್ನುತ್ತಿದ್ದರು. ನಾನೂ ಶ್ರೀಮಂತರ ಮಕ್ಕಳ ವೈಯಾರ ಅಂದುಕೊಂಡಿದ್ದೆ.

ನಿಜ ಗೊತ್ತಾದದ್ದು ಆ ಚಳಿಗಾಲ ಮುಗಿಯುವುದರೊಳಗೆ. ಅವನು ಮನೆ ಮುಂದೆ ಹಿಮ ತೆಗೆಯುತ್ತಿದ್ದ. ಸಲಿಕೆ ಒಂದು ಕಡೆ ಬಿತ್ತು, ಅವನೊಂದು ಕಡೆ ಬಿದ್ದ. ಮೈಯೆಲ್ಲ ಸೆಟೆದು ಅದುರತೊಡಗಿತು. ನಾನು ಕಿಟಕಿಯಿಂದ ನೋಡಿದವಳು ಬರಿಗಾಲಲ್ಲಿ ಓಡಿ, ನಮ್ಮೂರಿನಲ್ಲಿ ಮಾಡುವ ಹಾಗೆ ಅವನ ಕೈಗೆ ಕೀಗೊಂಚಲು ತುರುಕಲು ಹೋದೆ. ಆಂಟಿ ನನ್ನ ಕೈಗೆ ಪಟ್ ಎಂದು ಹೊಡೆದು, ಮಗನನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆಯಡಿ ಆ ಕೋಟು ಇಟ್ಟು, ಅದುರು ನಿಲ್ಲುವವರೆಗೆ ಹಿಮದಲ್ಲೇ ಕೂತರು. ಅವನು ಎದ್ದು ಒಳಗೆ ಹೋದ ಮೇಲೆ ನನ್ನ ಕಡೆ ತಿರುಗಿದರು.

"ನೋಡಿದ್ದು ನೋಡ್ಬಿಟ್ಟೆ. ಹೊರಗೆ ಬಾಯಿ ಬಿಡ್ಬೇಡ. ನಾಳೆ ಅವನಿಗೆ ಮದುವೆ ಆಗ್ಬೇಕು."

ಹದಿನಾಲ್ಕನೆಯ ವಯಸ್ಸಿನಿಂದ ಅವನಿಗೆ ಫಿಟ್ಸ್ ಬರುತ್ತಿತ್ತು. ಮಾತ್ರೆಯಲ್ಲಿ ಬಹುಮಟ್ಟಿಗೆ ಹಿಡಿತದಲ್ಲಿತ್ತು. ಆದರೆ ತಿಂಗಳುಗಟ್ಟಲೆ ಸುಮ್ಮನಿದ್ದು, ಇನ್ನೇನು ಲೈಸೆನ್ಸ್ ತೆಗೆದುಕೊಳ್ಳಬಹುದು ಎನ್ನುವಾಗ ಒಂದು ಸಲ ಬಂದು ಎಲ್ಲ ನೆಲಸಮ ಮಾಡುತ್ತಿತ್ತು. ಮೈಸೂರಿನ ಅವರ ಸ್ವಂತ ಅಕ್ಕನನ್ನು ಬಿಟ್ಟರೆ ಇದು ಯಾರಿಗೂ ಗೊತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಪಕ್ಕ ಕೂತಿದ್ದ ಒಬ್ಬ ಬಿಳಿ ಮುದುಕಿ ಆಂಟಿಗೆ ಆ ಚರ್ಚಿನ ವಿಷಯ ಹೇಳಿದ್ದಳು. ಡೆಟ್ರಾಯಿಟಿನ ಪೂರ್ವಕ್ಕೆ ಒಂದು ಹಳೆಯ ಇಟ್ಟಿಗೆಯ ಚರ್ಚು, ಯಾವ ಕಾಲದಲ್ಲೋ ಬೆಲ್ಜಿಯಮ್ಮಿನಿಂದ ಬಂದ ಕಾರ್ಖಾನೆ ಕೆಲಸಗಾರರು ಕಟ್ಟಿಸಿದ್ದು. ಅಲ್ಲಿರುವ ಸಂತನಿಗೆ ಹರಕೆ ಹೊತ್ತರೆ ಫಿಟ್ಸ್ ನಿಲ್ಲುತ್ತದೆ ಎಂದು. ಮೈಸೂರಿನಲ್ಲಿ ಪರೀಕ್ಷೆಗೆ ಮುಂಚೆ ದೊಡ್ಡ ಚರ್ಚಿಗೆ ಹೋಗಿ ಮೇಣದಬತ್ತಿ ಹಚ್ಚಿ ಬೆಳೆದವರಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. "ರಾಜವೈದ್ಯ ನಂಜುಂಡ ಇದ್ದೇ ಇದಾನೆ. ಇವನು ಸ್ಪೆಷಲಿಸ್ಟು" ಎಂದರು. ಹೀಗೆ ತಿಂಗಳಿಗೆರಡು ಸಲ ತೊಂಬತ್ತನಾಲ್ಕನೇ ಹೆದ್ದಾರಿ ಹಿಡಿದು, ಡಿಯರ್‌ಬಾರ್ನ್ ದಾಟಿ, ನಾವು ಆ ಕಡೆಗೆ ಹೋಗತೊಡಗಿದೆವು.

ಸಂತ ಕೊರ್ನೇಲಿಯಸ್. ಕ್ರೈಸ್ತ ಧರ್ಮದ ಶುರುವಿನ ಕಾಲದಲ್ಲಿ ರೋಮಿನಲ್ಲಿದ್ದ ಪೋಪ್. ಪ್ರತಿಮೆ ಆಳೆತ್ತರಕ್ಕಿತ್ತು, ಗಡ್ಡ, ತಲೆಯ ಮೇಲೆ ಎತ್ತರದ ಕಿರೀಟ, ಕೈಯಲ್ಲೊಂದು ದನದ ಕೊಂಬು. ಆಂಟಿಗೆ ಆ ಹೆಸರು ನಾಲಿಗೆಗೆ ಹತ್ತಲಿಲ್ಲ. ಮೊದಲ ದಿನವೇ "ಕೊಂಬಿನ ಸ್ವಾಮಿ" ಎಂದು ನಾಮಕರಣ ಮಾಡಿಬಿಟ್ಟರು. ಹಳೇ ಕಾಲದಲ್ಲಿ ದನಕರುಗಳ ಕಾಯಿಲೆಗೂ ಇವನ ಮೊರೆಹೋಗುತ್ತಿದ್ದರೆಂದು ಗೊತ್ತಾದಾಗ ಅವರಿಗೆ ಪೂರ್ತಿ ನಂಬಿಕೆ ಬಂತು.

ಆ ಮೊದಲ ದಿನ ಇನ್ನೊಂದು ಎಡವಟ್ಟಾಯಿತು. ದೇವರ ಮನೆಗೆ ಕಾಲಿಡುವಾಗ ಚಪ್ಪಲಿ ಬಿಡಬೇಕಲ್ಲ. ಆಂಟಿ ತಮ್ಮ ಹಿಮದ ಬೂಟುಗಳನ್ನು ಚರ್ಚಿನ ಬಾಗಿಲಲ್ಲಿ ನೀಟಾಗಿ ಜೋಡಿಸಿ, ನನ್ನದನ್ನೂ ಬಿಚ್ಚಿಸಿ, ಕಾಲುಚೀಲದಲ್ಲೇ ಒಳಗೆ ನಡೆದರು. ಕಲ್ಲಿನ ನೆಲ ಮಂಜುಗಡ್ಡೆ. ಹೊರಗೆ ಬಂದು ನೋಡಿದರೆ ಬೂಟುಗಳಿಲ್ಲ. ಬಡವರಿಗೆ ಬಟ್ಟೆ ಬರೆ ಕೂಡಿಸುತ್ತಿದ್ದ ಡಬ್ಬ ಅಲ್ಲೇ ಪಕ್ಕದಲ್ಲಿತ್ತು. ಯಾರೋ ಪುಣ್ಯಾತ್ಗಿತ್ತಿ ಇವೂ ದಾನದ್ದೆಂದುಕೊಂಡು ಎತ್ತಿ ಅದರೊಳಗೆ ಹಾಕಿದ್ದಳು. ನಾವಿಬ್ಬರೂ ಡಬ್ಬದೊಳಗೆ ಅರ್ಧ ಮೈ ತೂರಿಸಿ ಹುಡುಕುತ್ತಾ ಒಬ್ಬರನ್ನೊಬ್ಬರು ಬೈದುಕೊಳ್ಳುವಾಗ ಹಿಂದಿನಿಂದ ಒಂದು ದನಿ.

"ಏನ್ ತಾಯಿ, ಕನ್ನಡದವ್ರಾ?"

ಆ ಚರ್ಚಿನ ಫಾದರ್. ಕೊಳ್ಳೇಗಾಲದ ಕಡೆಯವರು! ಇಲ್ಲಿ ಪಾದ್ರಿಗಳ ಬರ. ನಮ್ಮ ಕಡೆಯವರನ್ನು ಕರೆಸಿ ಒಬ್ಬೊಬ್ಬರಿಗೆ ಮೂರು ಮೂರು ಚರ್ಚು ಒಪ್ಪಿಸಿದ್ದರು. ಆ ಬಡಪಾಯಿ ಸದಾ ಓಟದಲ್ಲಿರುತ್ತಿದ್ದರು. ಆದರೂ ಅವತ್ತು ಡಬ್ಬ ಬಗ್ಗಿಸಿ ನಮ್ಮ ಬೂಟು ಹುಡುಕಿಕೊಟ್ಟರು. ಆಂಟಿಯ ಮುಖ ತವರಿನವರನ್ನು ಕಂಡ ಹಾಗೆ ಅರಳಿತು.

ಕಥೆ ಶುರುವಾದದ್ದು ಮೂರನೆಯದೋ ನಾಲ್ಕನೆಯದೋ ಭೇಟಿಯಲ್ಲಿ. ಆಂಟಿ ಬರೀ ಮೇಣದಬತ್ತಿಯಲ್ಲಿ ತೃಪ್ತಿಪಡದೆ, ಚೀಲದಿಂದ ಬಾಳೆಹಣ್ಣು ತೆಗೆದು ಪ್ರತಿಮೆಯ ಕಾಲ ಬಳಿ ಇಟ್ಟು, ಅದಕ್ಕೆ ಎರಡು ಊದಿನಕಡ್ಡಿ ಚುಚ್ಚಿ ಹಚ್ಚಿಬಿಟ್ಟರು. ಎಲ್ಲಿ ಬೆಂಕಿಯ ಅಲಾರಂ ಹೊಡೆದುಕೊಳ್ಳುತ್ತದೋ ಎಂದು ನನ್ನ ಜೀವ ಪುಕಪುಕ. ಫಾದರ್ ಬಂದವರು ನೋಡಿ, ಬೈಯಲಿಲ್ಲ. ಬೆಂಚಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು.

"ತಾಯಿ, ಏನ್ ಮಾಡ್ಬುಟ್ರಿ ಗೊತ್ತಾ? ಇದೇ ಧೂಪದ ವಿಷಯಕ್ಕೇ ಇವ್ರ ಕಾಲದಲ್ಲಿ ಜನ ತಲೆ ಕೊಟ್ಟಿದ್ದು."

ಆಮೇಲೆ ಹೇಳಿದರು. ರೋಮಿನ ಚಕ್ರವರ್ತಿ ಆಜ್ಞೆ ಹೊರಡಿಸಿದ್ದ. ಪ್ರತಿಯೊಬ್ಬನೂ ಬಂದು ರಾಜ್ಯದ ದೇವರುಗಳ ಮುಂದೆ ಒಂದು ಚಿಟಿಕೆ ಧೂಪ ಹಾಕಬೇಕು, ಹಾಕಿದೆನೆಂದು ಚೀಟಿ ಪಡೆಯಬೇಕು. ಕ್ರಿಸ್ತನನ್ನು ನಂಬಿದವರಿಗೆ ಅದು ತಮ್ಮ ದೇವರನ್ನೇ ಅಲ್ಲಗಳೆದಂತೆ. ಚಿಟಿಕೆ ಧೂಪ, ಒಂದು ಸುಳ್ಳು, ಅಷ್ಟು ಮಾಡಿದರೆ ಜೀವ ಉಳಿಯುತ್ತಿತ್ತು. ಒಪ್ಪದವರನ್ನು ಕೊಂದರು. ಆಗಿನ ಪೋಪ್‌ನ ಪ್ರಾಣವೂ ಹೋಯಿತು. ಆ ಪೀಠದಲ್ಲಿ ಕೂತರೆ ಸಾವು ಖಂಡಿತ ಎಂದು ವರ್ಷ ಕಳೆದರೂ ಯಾರನ್ನೂ ಕೂರಿಸಲಾಗಲಿಲ್ಲ. ಆಮೇಲೆ ಕೂತವನು ಇವನು, ಕೊಂಬಿನ ಸ್ವಾಮಿ. ಇವನೂ ಜಗ್ಗಲಿಲ್ಲ. ಕೊನೆಗೆ ಇವನನ್ನು ಹಿಡಿದು ಯಾವುದೋ ಬಂದರಿನ ಊರಿಗೆ ಗಡೀಪಾರು ಮಾಡಿದರು. ಅಲ್ಲೇ ಸತ್ತ.

ಆಂಟಿ ಮಂತ್ರ ಹಾಕಿಸಿಕೊಂಡವರ ಹಾಗೆ ಕೇಳುತ್ತಿದ್ದರು. "ಇನ್ನೂ ಅದೆ ತಾಯಿ, ಮುಖ್ಯವಾದ್ದು ಈಗ ಬರೋದು" ಎಂದು ಫಾದರ್ ಮುಂದುವರಿಸುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಇನ್ನೊಂದು ಚರ್ಚಿನಲ್ಲಿ ಅಂತ್ಯಕ್ರಿಯೆ. ಅವರು ಎದ್ದು ಓಡಿದರು. ಮುಂದೆ ಎಷ್ಟೋ ಸಲ ಹೋದೆವು. ಪ್ರತಿ ಸಲವೂ ಅವರು ಓಡುತ್ತಲೇ ಇದ್ದರು. ಉಳಿದದ್ದನ್ನು ಹೇಳಿ ಎಂದು ಆಂಟಿ ಕೇಳಲೂ ಇಲ್ಲ. ಅವರಿಗೆ ಬೇಕಾದದ್ದು ಸಿಕ್ಕಾಗಿತ್ತು.

ಅವತ್ತು ಹಿಂದಿರುಗುವಾಗ ಕಾರಿನಲ್ಲಿ ಹೇಳಿದ್ದು ಇಷ್ಟೇ. "ಅಷ್ಟು ಜನ ಒಂದು ಸುಳ್ಳು ಹೇಳಲಾರದೆ ಪ್ರಾಣ ಕೊಟ್ರು ಪುಟ್ಟಾ. ನಾನು ಇವನ ವಿಷಯದಲ್ಲಿ ಇಷ್ಟು ವರ್ಷ ದಿನಾ ಬೆಳಗಾದ್ರೆ ಸುಳ್ಳು ಹೇಳ್ಕೊಂಡು ಬಂದೆ."

ಮೈಸೂರಿನ ಹೆಂಗಸರಿಗೆ ಸತ್ಯಕ್ಕಾಗಿ ಸರ್ವಸ್ವ ಕಳೆದುಕೊಂಡವರ ಕಥೆ ತಾಯಿಯ ಹಾಲಿನ ಜೊತೆ ಬಂದದ್ದು. ರೋಮಿನ ಪೋಪನನ್ನೂ ಆಂಟಿ ಆ ಸಾಲಿಗೇ ಸೇರಿಸಿಬಿಟ್ಟರು. ಅಲ್ಲಿಂದಾಚೆಗೆ ಅವರ ಹರಕೆಯೇ ಬದಲಾಯಿತು. ಮಗನಿಗೆ ವಾಸಿಯಾಗಲಿ ಎಂದು ಬೇಡುತ್ತಿದ್ದವರು, ಇನ್ನು ಮೇಲೆ ಸುಳ್ಳು ಹೇಳುವುದಿಲ್ಲ ಎಂದು ಮಾತು ಕೊಟ್ಟರು.

ಆ ವರ್ಷವೇ ಸಂಬಂಧ ಕೂಡಿಬಂತು. ಹುಡುಗಿಯ ಮನೆ ಶಿಕಾಗೋ ಹತ್ತಿರದ ಬೋಲಿಂಗ್‌ಬ್ರೂಕ್, ಬೆಂಗಳೂರಿನ ಕಡೆಯವರು. ಅವಳು ಸ್ಕೂಲಿನಲ್ಲಿ ಮಕ್ಕಳಿಗೆ ಕೌನ್ಸೆಲರ್. ಹುಡುಗ ಹುಡುಗಿ ತಿಂಗಳುಗಟ್ಟಲೆ ಫೋನಿನಲ್ಲಿ ಮಾತಾಡಿದರು. ಬೇಸ್‌ಮೆಂಟಿನಿಂದ ನಗು ಕೇಳಿಬರುತ್ತಿತ್ತು. ಆ ಮನೆಯಲ್ಲಿ ಅವನ ನಗು ಕೇಳಿದ್ದು ನಾನು ಅದೇ ಮೊದಲು. ದಿನ ಗೊತ್ತುಮಾಡಲು ನಾವೇ ಅವರ ಮನೆಗೆ ಹೋಗುವುದೆಂದಾಯಿತು.

ಆಂಟಿಗೆ ಬಿಸಿತುಪ್ಪ. ಮೈಸೂರಿನ ಅಕ್ಕ ಫೋನಿನಲ್ಲಿ ಗದರಿದರು. "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನೀನು ಒಂದು ಹೇಳೋಕೆ ಸಾಯ್ತೀಯಲ್ಲೇ! ತಾಳಿ ಬೀಳ್ಲಿ, ಆಮೇಲೆ ಹೇಳಿದ್ರಾಯ್ತು." ನಾನು ಹೇಳಿದ್ದು ಬೇರೆ. "ಅದು ಅವನ ಮೈ, ಅವನ ಮಾತು. ಅವನೇ ಹುಡುಗಿಗೆ ಹೇಳ್ಲಿ ಬಿಡಿ ಆಂಟಿ."

"ಅವನು ಹೇಳಲ್ಲ" ಎಂದರು ಆಂಟಿ. "ಹೆತ್ತಿದೀನಿ. ನಂಗೊತ್ತು."

ಬೋಲಿಂಗ್‌ಬ್ರೂಕಿಗೆ ನಾಲ್ಕೂವರೆ ಗಂಟೆಯ ದಾರಿ. ನಾನು ಡ್ರೈವ್ ಮಾಡಿದೆ, ಆಂಟಿ ಪಕ್ಕದಲ್ಲಿ, ಅವನು ಹಿಂದೆ. ಹೊಸ ಶರ್ಟು ಹಾಕಿದ್ದ. ದಾರಿಯುದ್ದಕ್ಕೂ ಫೋನು ನೋಡಿಕೊಂಡು ಒಬ್ಬನೇ ಮುಗುಳ್ನಗುತ್ತಿದ್ದ... ಕನ್ನಡಿಯಲ್ಲಿ ಕಾಣುತ್ತಿದ್ದ ಆ ಮುಖ ಈಗಲೂ ಕಣ್ಣಮುಂದಿದೆ.

ಅಮೆರಿಕದ ಮನೆಗಳಲ್ಲಿ ಅಡುಗೆಮನೆಗೆ ಗೋಡೆಯಿರುವುದಿಲ್ಲ. ಗುಟ್ಟು ಹೇಳಲು ಜಾಗವೇ ಇಲ್ಲ. ಹುಡುಗಿಯ ತಾಯಿ ಬಿಸಿಬೇಳೆಭಾತಿಗೆ ಒಗ್ಗರಣೆ ಹಾಕುತ್ತಿದ್ದರು. ಆಂಟಿ ಪಕ್ಕದಲ್ಲಿ ನಿಂತು, ಪೀಠಿಕೆಯಿಲ್ಲದೆ, "ಊಟಕ್ಕೆ ಮುಂಚೆ ಒಂದು ಮಾತು ಹೇಳ್ಬಿಡ್ತೀನಿ. ಮುಚ್ಚಿಟ್ಟು ಮದುವೆ ಮಾಡಲ್ಲ ನಾನು. ನನ್ನ ಮಗನಿಗೆ ಫಿಟ್ಸ್ ಇದೆ. ಮಾತ್ರೆ ತಗೋತಾನೆ. ಅದಕ್ಕೇ ಡ್ರೈವ್ ಮಾಡಲ್ಲ" ಎಂದರು. ಹುಡುಗಿಯ ತಾಯಿ ಒಲೆ ಆರಿಸಿದರು.

ಅವರು ಕೆಟ್ಟವರಲ್ಲ. ಹುಡುಗಿಯ ತಂದೆ, "ಈಗೆಲ್ಲ ಒಳ್ಳೇ ಟ್ರೀಟ್‌ಮೆಂಟ್ ಇದೆಯಲ್ಲಮ್ಮಾ" ಎಂದೇ ಅಂದರು. ಎದ್ದದ್ದು ಹುಡುಗಿ. ಅವಳು ದೊಡ್ಡವರ ಕಡೆ ನೋಡಲೂ ಇಲ್ಲ. ಅವನನ್ನೇ ನೋಡುತ್ತಾ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು: ಕಾಲೇಜಿನಲ್ಲಿ ನನ್ನ ರೂಮ್‌ಮೇಟಿಗೂ ಇದೇ ಇತ್ತು, ನಾನು ನೋಡಿಕೊಂಡಿದ್ದೇನೆ, ಅದನ್ನು ನಿನಗೆ ಹೇಳಿದ್ದೆ ಕೂಡ. ಟ್ರಾಫಿಕ್ ಕಂಡರೆ ಆಗುವುದಿಲ್ಲ ಅಂದೆಯಲ್ಲ? ಇಷ್ಟು ತಿಂಗಳು ದಿನಾ ಮಾತಾಡಿದೆವಲ್ಲ, ದಿನಾ ಸುಳ್ಳು ಹೇಳಿದೆಯಾ? ಅವಳು ಮೆಟ್ಟಿಲು ಹತ್ತಿ ತನ್ನ ಕೋಣೆಗೆ ಹೋದಳು. ಮತ್ತೆ ಇಳಿಯಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಿಂದಿರುಗುವ ದಾರಿಯಲ್ಲಿ ಇಂಡಿಯಾನಾ ಮುಗಿದು ಮಿಶಿಗನ್ ಬಂತು. ಕಲಾಮಜೂ ಹತ್ತಿರ ಹಿಂದಿನ ಸೀಟಿನಿಂದ ಒಂದೇ ಒಂದು ಮಾತು ಬಂತು. "ಐ ವಾಸ್ ಗೋಯಿಂಗ್ ಟು ಟೆಲ್ ಹರ್, ಮಾ. ಟುಡೇ." ಇವತ್ತೇ ಅವಳಿಗೆ ಹೇಳುವವನಿದ್ದೆ ಎಂದು. ಆಂಟಿ ಕಿಟಕಿಯ ಕಡೆ ಮುಖ ತಿರುಗಿಸಿದರು. ನನಗೆ ಸ್ಟೀರಿಂಗ್ ಬಿಟ್ಟು ಇಳಿದು ಓಡಿಹೋಗೋಣ ಅನ್ನಿಸಿತು.

ದೀಪಾವಳಿಗೆ ಮುಂಚೆಯೇ ಅವನು ಶಿಕಾಗೋಗೆ ಹೊರಟುಹೋದ. ಅಲ್ಲಿ ಟ್ರೈನ್ ಇದೆ, ಕಾರು ಬೇಡ ಎಂದ. ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಆಮೇಲೆ ಅವನು ಆ ಮನೆಯ ಮೆಟ್ಟಿಲು ಹತ್ತಲೇ ಇಲ್ಲ. ಯುಗಾದಿಗೆ, ಅಮ್ಮನ ಹುಟ್ಟುಹಬ್ಬಕ್ಕೆ ಫೋನು ಮಾಡುತ್ತಿದ್ದ. "ಊಟ ಆಯ್ತಾ?" "ಯೆಸ್, ಮಾ." "ಮಾತ್ರೆ?" "ಯೆಸ್." ಅಷ್ಟರಲ್ಲಿ ಇಬ್ಬರಿಗೂ ಮಾತು ಮುಗಿಯುತ್ತಿತ್ತು. ಬಾ ಎಂದು ಆಂಟಿ ಕರೆಯಲಿಲ್ಲ. ಅವನು ತಮ್ಮನ್ನು ಕ್ಷಮಿಸಿಲ್ಲ, ಕ್ಷಮಿಸಿದ ದಿನ ತಾನೇ ಬರುತ್ತಾನೆ ಎಂದು ಅವರ ಲೆಕ್ಕ. ನನ್ನ ಲೆಕ್ಕವೂ ಅದೇ ಆಗಿತ್ತು.

ಚರ್ಚಿಗೆ ಹೋಗುವುದು ಮಾತ್ರ ನಿಲ್ಲಲಿಲ್ಲ. ಆದರೆ ಅವರು ಕೂರುವ ರೀತಿ ಬದಲಾಯಿತು. ಮುಂಚೆ ಆ ಪ್ರತಿಮೆಯ ಜೊತೆ ನೆರೆಮನೆಯವನ ಹಾಗೆ ವಟವಟ ಮಾತಾಡುತ್ತಿದ್ದವರು, ಈಗ ಬೆನ್ನು ನೆಟ್ಟಗೆ ಮಾಡಿಕೊಂಡು, ಒಂದೇ ಕಷ್ಟ ಉಂಡ ಇಬ್ಬರು ಎದುರುಬದುರು ಕೂತ ಹಾಗೆ ಸುಮ್ಮನೆ ಕೂರುತ್ತಿದ್ದರು. ಕೆಲವು ಸಲ ದಾರಿಯಲ್ಲಿ ಕೇಳುವರು: "ನಾನು ಮಾಡಿದ್ದು ಸರಿ ತಾನೇ ಪುಟ್ಟಾ?" ಸರಿ ಆಂಟಿ, ಎನ್ನುತ್ತಿದ್ದೆ. ಬೇರೆ ಏನು ಹೇಳಲಿ? "ಈ ಸ್ವಾಮಿಯೂ ನಿಜ ಬಿಡಲಿಲ್ಲ, ಎಲ್ಲಾ ಕಳ್ಕೊಂಡ" ಎಂದು ತಮಗೆ ತಾವೇ ಹೇಳಿಕೊಂಡು ಕಣ್ಣು ಮುಚ್ಚುವರು. ಅದೊಂದೇ ಅವರಿಗೆ ಉಳಿದಿದ್ದ ಆಸರೆ.

ಕೆಲವು ವರ್ಷಗಳ ಮೇಲೆ ಆ ಚರ್ಚನ್ನೂ ಮುಚ್ಚುವುದೆಂದಾಯಿತು. ಬರುವವರು ಕೈಬೆರಳಲ್ಲಿ ಎಣಿಸುವಷ್ಟು, ಅವರೂ ಮುದುಕರು. ಅದೇ ಹೊತ್ತಿಗೆ ಸರಿಯಾಗಿ ನನ್ನ ಗಂಡನಿಗೂ ಶಿಕಾಗೋ ಕಡೆ ಕೆಲಸ ಸಿಕ್ಕಿ, ನಾವು ಮನೆ ಖಾಲಿ ಮಾಡುತ್ತಿದ್ದೆವು. ಕೊನೆಯ ಪೂಜೆಗೆ ಆಂಟಿಯನ್ನು ಕರೆದುಕೊಂಡು ಹೋದೆ. ಕಡೇ ಬೆಂಚಿನಲ್ಲಿ ಕೂತೆವು. ಫಾದರ್ ಇಂಗ್ಲಿಷಿನಲ್ಲಿ ಪ್ರವಚನ ಕೊಟ್ಟರು. ಅವತ್ತು ಅವರಿಗೆ ಓಡಲು ಬೇರೆಲ್ಲೂ ಇರಲಿಲ್ಲ.

ಈ ಸಂತ ನಿಜಕ್ಕೂ ಹೋರಾಡಿದ್ದು ಯಾತಕ್ಕೆ ಗೊತ್ತೇ, ಎಂದು ಶುರು ಮಾಡಿದರು. ಆ ಹಿಂಸೆಯ ಕಾಲದಲ್ಲಿ ಪ್ರಾಣ ಕೊಟ್ಟವರು ಕೆಲವರೇ. ಬಹಳ ಜನ ಹೆದರಿದರು. ಧೂಪ ಹಾಕಿದರು, ಸುಳ್ಳು ಹೇಳಿದರು, ಲಂಚ ಕೊಟ್ಟು ಚೀಟಿ ಕೊಂಡರು. ಗಂಡಾಂತರ ಕಳೆದ ಮೇಲೆ ಆ ಜನ ಬಂದು ಬಾಗಿಲ ಹೊರಗೆ ನಿಂತು ಅತ್ತರು. ಒಬ್ಬ ದೊಡ್ಡ ವಿದ್ವಾಂಸ ಎದ್ದು, ಸುಳ್ಳು ಹೇಳಿದವರನ್ನು ಎಂದೆಂದಿಗೂ ಒಳಗೆ ಬಿಡಕೂಡದು ಎಂದ. ತಾನೇ ಪೋಪ್ ಎಂದು ಘೋಷಿಸಿಕೊಂಡು ಇವನ ವಿರುದ್ಧ ಗುಂಪು ಕಟ್ಟಿದ. ಈ ಕೊರ್ನೇಲಿಯಸ್ ಹೇಳಿದ್ದು ಒಂದೇ ಮಾತು. ಪಶ್ಚಾತ್ತಾಪ ಪಟ್ಟವರಿಗೆ ಬಾಗಿಲು ತೆರೆಯಿರಿ, ಹೆದರಿದವರೂ ನಮ್ಮ ಮಕ್ಕಳೇ. ಇವನು ಕಾಪಾಡಿದ ತತ್ವ ಅದು. ಚಕ್ರವರ್ತಿ ಹೊರಗಿನಿಂದ ಹಿಂಸಿಸಿದ, ಸ್ವಂತದವರು ಒಳಗಿನಿಂದ. ಆದರೂ ಬಿಡಲಿಲ್ಲ.

ಆಂಟಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಉಗುರು ಚುಚ್ಚುತ್ತಿದ್ದರೂ ನಾನು ಕೈ ಬಿಡಿಸಿಕೊಳ್ಳಲಿಲ್ಲ. ಪೂಜೆ ಮುಗಿದ ಮೇಲೆ ಅವರು ಪ್ರತಿಮೆಯ ಹತ್ತಿರ ಹೋಗಲಿಲ್ಲ, ಫಾದರಿಗೆ ನಮಸ್ಕಾರವನ್ನೂ ಹೇಳಲಿಲ್ಲ. ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಳ್ಳಲು ಎರಡು ಮೂರು ಸಲ ತಡವರಿಸಿದರು.

"ಇಷ್ಟು ವರ್ಷ ಈ ಸ್ವಾಮಿ ನನ್ನ ಕಡೆ ಅಂದ್ಕೊಂಡಿದ್ದೆ. ಇವನು ನನ್ನ ಮಗನ ಕಡೆ ಕಣೇ."

ನಾನು ಏನೋ ಸಮಾಧಾನ ಹೇಳಲು ಹೋದೆ. ಅವರಿಗೆ ಬೇಕಿರಲಿಲ್ಲ. "ಅವನು ನನ್ನನ್ನ ಕ್ಷಮಿಸ್ಲಿ ಅಂತ ಕಾದೆ. ಸುಳ್ಳು ಹೇಳಿದವನು ಯಾವ ಮುಖ ಇಟ್ಕೊಂಡು ಬರ್ತಾನೆ, ನಾನೇ ಅಲ್ವಾ ಬಾಗಿಲು ತೆಗೀಬೇಕಿದ್ದಿದ್ದು? ಇದನ್ನ ಅವತ್ತೇ ಪೂರ್ತಿ ಕೇಳಿಸ್ಕೋಬಾರ್ದಿತ್ತಾ ನಾನು..." ಎಂದರು.

ಮನೆ ಬಂದೊಡನೆ, ಈಗಲೇ ಫೋನು ಮಾಡಿ ಎಂದೆ. ಮಾಡಿದರು. ಊಟ ಆಯ್ತಾ, ಮಾತ್ರೆ ತಗೊಂಡ್ಯಾ ಎಂದು ಕೇಳಿ ಇಟ್ಟರು. "ಫೋನಲ್ಲಿ ಆಡೋ ಮಾತಲ್ಲ ಪುಟ್ಟಾ ಇದು. ನೀನು ಶಿಕಾಗೋದಲ್ಲೇ ಇರ್ತೀಯಲ್ಲ. ಹಿಮ ಕರಗ್ಲಿ, ಬರ್ತೀನಿ. ಅವನ ಮನೆಗೆ ಕರ್ಕೊಂಡು ಹೋಗು. ಕೈ ಹಿಡಿದು, ಮನೆಗೆ ಬಾರೋ ಅಂತೀನಿ." ಬಸ್ಸೋ ರೈಲೋ ಯಾವುದು ಸುಲಭ ಎಂದು ಆಮೇಲೂ ಎಷ್ಟೋ ಸಲ ನನ್ನನ್ನು ಕೇಳಿದರು.

ಫೆಬ್ರವರಿಯಲ್ಲಿ ಅವರು ಹೋದರು. ಅಡುಗೆಮನೆಯಲ್ಲಿ ಬಿದ್ದವರು ಏಳಲಿಲ್ಲ. ಮೆದುಳಿನಲ್ಲಿ ರಕ್ತಸ್ರಾವ ಎಂದರು. ಮಗ ಬಂದ. ಪುರೋಹಿತರು ಹೇಳಿಕೊಟ್ಟಂತೆ ತಪ್ಪು ತಪ್ಪಾಗಿ ಮಂತ್ರ ಹೇಳಿದ, ಮಾಡಬೇಕಾದ್ದೆಲ್ಲ ಮಾಡಿದ. ನನಗೆ "ಥ್ಯಾಂಕ್ಯೂ ಫಾರ್ ಎವೆರಿಥಿಂಗ್" ಎಂದು ಹೇಳಿ ಅದೇ ಸಂಜೆ ಹಿಂದಿರುಗಿದ. ಮನೆಯನ್ನು ಯಾರೋ ಏಜೆಂಟರ ಮೂಲಕ ಮಾರಿಸಿದ. ಒಳಗೆ ಕಾಲಿಟ್ಟನೋ ಇಲ್ಲವೋ ನನಗೆ ಗೊತ್ತಿಲ್ಲ.

ಈ ವರ್ಷ ಏಪ್ರಿಲ್‌ನಲ್ಲಿ ಶಿಕಾಗೋದ ಡೆವಾನ್ ರಸ್ತೆಯ ಒಂದು ಇಂಡಿಯನ್ ಅಂಗಡಿಯಲ್ಲಿ ಅವನು ಸಿಕ್ಕ. ಹಸಿಮೆಣಸಿನಕಾಯಿ ಆರಿಸುತ್ತಿದ್ದ. ಕೂದಲು ಅರ್ಧ ಬೆಳ್ಳಗಾಗಿತ್ತು. ಒಬ್ಬನೇ. ಅದು ಇದು ಮಾತಾಡಿ ಹೊರಡುವಾಗ ನಾನು ತಡೆಯಲಾರದೆ, ಒಂದು ಸಲವಾದರೂ ಅಮ್ಮನನ್ನು ನೋಡಲು ಬರಬಹುದಿತ್ತು, ಅಷ್ಟು ಕೋಪವೇ ಎಂದುಬಿಟ್ಟೆ.

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ, ನಾನು ಅವನ ಬಾಯಲ್ಲಿ ಯಾವತ್ತೂ ಕೇಳಿರದ ಕನ್ನಡದಲ್ಲಿ, ಮಕ್ಕಳು ಆಡುವ ಹಾಗೆ ತಡೆತಡೆದು ಹೇಳಿದ.

"ಕೋಪ? ನಂಗೆ ಕೋಪ ಇಲ್ಲ. ಅಮ್ಮ ನಿಜ ಹೇಳಿದ್ಳು. ನಾನು ಸುಳ್ಳು. ಅವತ್ತು ಕಾರಲ್ಲಿ... ಇವತ್ತು ಹೇಳ್ತಾ ಇದ್ದೆ ಅಂದೆ, ಅಲ್ವಾ? ಅದೂ ಸುಳ್ಳು. ನಾನು ಹೇಳ್ತಾ ಇರ್ಲಿಲ್ಲ. ಅಮ್ಮಂಗೆ ಗೊತ್ತಿತ್ತು. ಹೇಗೆ ಹೋಗ್ಲಿ ಮನೆಗೆ?"

ಬುಟ್ಟಿಯನ್ನು ಇನ್ನೊಂದು ಕೈಗೆ ಬದಲಿಸಿ ಕೇಳಿದ. "ಅಮ್ಮಂಗೆ ಲಾಸ್ಟ್‌ವರೆಗೂ ಕೋಪ ಇತ್ತಾ?"

ಹೂಂ ಅನ್ನಬಹುದಿತ್ತು. ಗೊತ್ತಿಲ್ಲ ಅನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದದ್ದು ನಿಜವೇ. ಇಲ್ಲ ಕಣೋ, ಒಂದಿಷ್ಟೂ ಇರಲಿಲ್ಲ, ಹಿಮ ಕರಗಿದ ಮೇಲೆ ನಿನ್ನ ಮನೆಗೇ ಬಂದು ಕೈ ಹಿಡಿದು ಕರೆದುಕೊಂಡು ಹೋಗುವವರಿದ್ದರು ಎಂದೆ.

ಅವನು ತಲೆ ಆಡಿಸಿದ. "ಓಕೆ" ಎಂದ. ಇನ್ನೊಂದು ಸಲ "ಓಕೆ" ಎಂದ. ಬುಟ್ಟಿಯನ್ನು ಅಲ್ಲೇ ನೆಲದ ಮೇಲಿಟ್ಟು ಹೊರಗೆ ನಡೆದ. ಕಾರಿನಲ್ಲಿ ಬಿಡುತ್ತೇನೆಂದು ಹಿಂದೆಯೇ ಓಡಿದೆ. ಬೇಡ ಎಂದು ಕೈ ಅಲ್ಲಾಡಿಸಿ ಬಸ್ಸು ಹತ್ತಿದ. ಆಮೇಲೆ ಮಾಡಿದ ಫೋನುಗಳನ್ನು ಅವನು ಎತ್ತಿಲ್ಲ.

ಹೇಳಬಾರದಿತ್ತೇನೋ... ನಾನು ಸುಮ್ಮನಿದ್ದಿದ್ದರೆ, ಮನೆಗೆ ಹೋಗದೇ ಇದ್ದದ್ದಕ್ಕೆ ಅವನ ಪಾಲಿಗೆ ಅಮ್ಮನ ಕೋಪವಾದರೂ ನೆಪವಾಗಿ ಉಳಿದಿರುತ್ತಿತ್ತು.